ಪ್ರಯೋಜನವಾಯಿತೇ ಎಂದು ಕೇಳುವ ಬಗೆಗಳು: ಹವಾಮಾನ ಹೊಂದಾಣಿಕೆಯ ಕೆಲಸಗಳ ಕುರಿತು ಜನರ ಅನಿಸಿಕೆಯನ್ನು ಅಳೆಯಲು ಯಾವ ವಿಧಾನ ಆರಿಸಬೇಕು?

ಬೆಂಗಳೂರಿನ ತಗ್ಗು ಪ್ರದೇಶದ ಬಡಾವಣೆಯೊಂದರಲ್ಲಿ ರಾಜಕಾಲುವೆಗೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆಗೆ, ತಡೆಗೋಡೆ ಕಟ್ಟಿ ವರ್ಷವಾದ ಮೇಲೆ, ಅದರಿಂದ ಪ್ರಯೋಜನವಾಯಿತೇ ಎಂದು ಅಲ್ಲಿನವರನ್ನು ಕೇಳಿದರೆ ಬರುವ ಉತ್ತರ ಗೋಡೆಯ ಬಗ್ಗೆಯೇ ಇರುತ್ತದೆ ಎಂದು ನಂಬುವಂತಿಲ್ಲ. 2022ರಲ್ಲಿ ನಗರದ ಮೇಲೆ ಅದುವರೆಗಿನ ದಾಖಲೆಗಳನ್ನು ಮೀರಿದ ಮಳೆ ಸುರಿಯಿತು; 2017ರ 1,696 ಮಿಲಿಮೀಟರ್ ದಾಖಲೆ ಆ ವರ್ಷದ ಅಕ್ಟೋಬರ್‌ನಲ್ಲೇ ಮುರಿಯಿತು. ಮರುವರ್ಷ ಮುಂಗಾರು ಕೈಕೊಟ್ಟಿತು, 2024ರ ಮಾರ್ಚ್ ಹೊತ್ತಿಗೆ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ದಾರಿ ಕಾಯುವ ಸ್ಥಿತಿ ಬಂತು. 2022ರ ಕೊನೆಯಲ್ಲಿ ಕಟ್ಟಿದ ಗೋಡೆಯ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಕೇಳಿದ್ದರೆ ಬಹಳ ಮಂದಿ ‘ನೀರು ನುಗ್ಗಲೇ ಇಲ್ಲ, ಚೆನ್ನಾಗಿದೆ’ ಎನ್ನುತ್ತಿದ್ದರು. ಆ ಅಂಕ ಗೋಡೆಗೆ ಸಂದದ್ದಲ್ಲ, ಬಾರದೆ ಹೋದ ಮಳೆಗೆ ಸಂದದ್ದು.

ಹಾಗೆಂದು ಕೇಳುವುದನ್ನೇ ಬಿಡಲಾಗದು. ಇಂಗಾಲದ ಹೊರಸೂಸುವಿಕೆ ಎಷ್ಟು ತಗ್ಗಿತು ಎಂಬುದನ್ನು ಟನ್‌ಗಳಲ್ಲಿ ಹೇಳಬಹುದು. ಹವಾಮಾನದ ಏರುಪೇರಿಗೆ ಹೊಂದಿಕೊಳ್ಳುವ ಕೆಲಸಕ್ಕೆ ಅಂಥ ಒಂದೇ ಅಳತೆಗೋಲು ಇಲ್ಲ. 2015ರ ಪ್ಯಾರಿಸ್ ಒಪ್ಪಂದದ ಏಳನೆಯ ವಿಧಿ ಹೊಂದಾಣಿಕೆಗೆ ಜಾಗತಿಕ ಗುರಿಯೊಂದನ್ನು ಹೇಳಿದರೂ, ಅದಕ್ಕೊಂದು ಚೌಕಟ್ಟು ಸಿಕ್ಕಿದ್ದು 2023ರಲ್ಲಿ ದುಬೈಯಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮಾವೇಶದಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿಗೂ ಹವಾಮಾನ ಕ್ರಿಯಾ ಯೋಜನೆಯೊಂದು ಬಂತು. ಮಳೆನೀರು ಕೊಯ್ಲು, ಇಂಗುಬಾವಿ, ಕೆರೆಯ ಹೂಳೆತ್ತುವುದು, ರಾಜಕಾಲುವೆಯ ದುರಸ್ತಿ, ಶೀಟು ಮನೆಗಳ ಛಾವಣಿಗೆ ಬಿಳಿ ಬಣ್ಣ ಬಳಿಯುವುದು, ಮಳೆಯ ಮುನ್ಸೂಚನೆಯನ್ನು ಫೋನಿಗೆ ಕಳಿಸುವುದು: ಇವೆಲ್ಲ ಒಂದೊಂದು ಕಡೆ ನಡೆಯುತ್ತಿವೆ, ಮತ್ತು ಇವುಗಳಿಂದ ಜನರಿಗೆ ಏನನಿಸಿದೆ ಎಂದು ತಿಳಿಯುವ ಹೊಣೆ ಹೆಚ್ಚಾಗಿ ಸಣ್ಣ ಸಂಸ್ಥೆಗಳು, ನಿವಾಸಿಗಳ ಸಂಘಗಳು, ಕಾಲೇಜಿನ ವಿದ್ಯಾರ್ಥಿಗಳ ಮೇಲೆ ಬೀಳುತ್ತದೆ. ಹಣ ಕಡಿಮೆ, ಸಮಯ ಇನ್ನೂ ಕಡಿಮೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆ ಬರೆಯುತ್ತಿದ್ದೇನೆ.

ವಿಧಾನಕ್ಕೆ ಮೊದಲು ಪ್ರಶ್ನೆ

‘ಪರಿಣಾಮಕಾರಿ’ ಎಂಬುದು ವರದಿಯ ಮಾತು. ಬೀದಿಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ಅದನ್ನು ಬಿಡಿಸಿದರೆ ಒಳಗೆ ಕನಿಷ್ಠ ಮೂರು ಪ್ರಶ್ನೆಗಳಿವೆ. ಕೆಲಸ ಸರಿಯಾಗಿ ನಡೆಯಿತೇ? ನಿಮ್ಮ ತೊಂದರೆ ಕಡಿಮೆಯಾಯಿತೇ? ಮುಂದಿನ ಸಲ ದೊಡ್ಡ ಮಳೆಯೋ ಬರವೋ ಬಂದರೆ ತಡೆದುಕೊಳ್ಳುತ್ತೇವೆ ಎಂಬ ಧೈರ್ಯ ಇದೆಯೇ? ಮೊದಲನೆಯದು ತೃಪ್ತಿಯ ಮಾತು, ಎರಡನೆಯದು ಅನುಭವದ್ದು, ಮೂರನೆಯದು ಭರವಸೆಯದ್ದು. ಇವು ಒಟ್ಟಿಗೆ ಏರಿಳಿಯುವುದಿಲ್ಲ. ಕಾಮಗಾರಿಯ ಧೂಳು, ಅಗೆದು ಬಿಟ್ಟ ರಸ್ತೆ, ಗುತ್ತಿಗೆದಾರನ ಉಡಾಫೆಗಳಿಂದ ಬೇಸತ್ತವರು ಮೊದಲ ಪ್ರಶ್ನೆಗೆ ಸೊನ್ನೆ ಕೊಟ್ಟು, ಎರಡನೆಯದಕ್ಕೆ ಒಳ್ಳೆಯ ಅಂಕ ಕೊಡಬಹುದು. ಮಳೆಯೇ ಬಾರದ ವರ್ಷದಲ್ಲಿ ಎರಡನೆಯ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ, ಮೂರನೆಯದನ್ನು ಮಾತ್ರ ಕೇಳಬಹುದು. ನಾನು ಓದಿದ ಪ್ರಶ್ನಾವಳಿಗಳಲ್ಲಿ ಬಹುತೇಕವು ಮೂರನ್ನೂ ಒಂದೇ ವಾಕ್ಯದಲ್ಲಿ ಕೇಳಿ, ಬಂದ ಸರಾಸರಿಗೆ ‘ಪರಿಣಾಮಕಾರಿತ್ವದ ಸೂಚ್ಯಂಕ’ ಎಂಬ ಗಂಭೀರ ಹೆಸರನ್ನಿಟ್ಟಿದ್ದವು.

ಇದರ ಜೊತೆಗೆ ಇನ್ನೊಂದು ವಿಷಯವನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು: ಉತ್ತರ ಬಂದ ಮೇಲೆ ಯಾರು ಏನನ್ನು ಬದಲಿಸಬಲ್ಲರು? ಬಜೆಟ್ ಹಂಚುವವರಿಗೆ ಸಂಖ್ಯೆ ಬೇಕು. ಕಾಮಗಾರಿಯ ವಿನ್ಯಾಸ ತಿದ್ದಬೇಕಾದ ಎಂಜಿನಿಯರಿಗೆ ಸಂಖ್ಯೆಯಿಂದ ಏನೂ ಆಗದು, ಎಲ್ಲಿ ಯಾಕೆ ನೀರು ನಿಲ್ಲುತ್ತದೆ ಎಂಬ ವಿವರ ಬೇಕು. ಬಡಾವಣೆಯ ಜನರೇ ತಮ್ಮೊಳಗೆ ನಿರ್ಧರಿಸಬೇಕಾದದ್ದಿದ್ದರೆ ಅವರೆಲ್ಲ ಕೂತು ಮಾತಾಡುವ ವಿಧಾನವೇ ಬೇಕು. ವಿಧಾನದ ಆಯ್ಕೆ ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತದೆ.

ಮನೆಮನೆ ಸಮೀಕ್ಷೆ

ಎಲ್ಲರೂ ಮೊದಲು ಕೈಹಾಕುವುದು ಇದಕ್ಕೆ. ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ 1932ರಲ್ಲಿ ರೂಪಿಸಿದ ಅಳತೆಪಟ್ಟಿಯನ್ನು ಅನುಸರಿಸಿ, ‘ಖಂಡಿತ ಒಪ್ಪುತ್ತೇನೆ’ಯಿಂದ ‘ಖಂಡಿತ ಒಪ್ಪುವುದಿಲ್ಲ’ದವರೆಗೆ ಐದು ಮೆಟ್ಟಿಲು. ಇದರ ಬಲ ಸ್ಪಷ್ಟ: ಆಯ್ಕೆ ಸರಿಯಿದ್ದರೆ ಕೆಲವು ನೂರು ಮನೆಗಳ ಉತ್ತರದಿಂದ ಇಡೀ ನಗರದ ಬಗ್ಗೆ ಮಾತಾಡಬಹುದು, ಎರಡು ವರ್ಷ ಬಿಟ್ಟು ಅದನ್ನೇ ಮತ್ತೆ ಕೇಳಿ ಹೋಲಿಸಬಹುದು.

ಆ ‘ಕೆಲವು ನೂರು’ ಎಂಬಲ್ಲಿ ಮೋಸ ಹೋಗುವವರು ಹೆಚ್ಚು. ಶೇಕಡಾ 95ರ ವಿಶ್ವಾಸಮಟ್ಟದಲ್ಲಿ ಐದು ಅಂಶ ಆಚೀಚೆಯ ನಿಖರತೆಗೆ, ಅಂದರೆ ನೂರರಲ್ಲಿ ತೊಂಬತ್ತೈದು ಸಲ ನಿಜವಾದ ಶೇಕಡಾವಾರಿನ ಐದು ಅಂಶದೊಳಗೇ ಉತ್ತರ ಬರಲು, 385 ಮನೆಗಳು ಸಾಕು ಎಂಬ ಲೆಕ್ಕ ಎಲ್ಲ ಪಠ್ಯಗಳಲ್ಲಿದೆ. ಆದರೆ ಅದು ಊರೆಲ್ಲ ಚದುರಿದ, ಒಂದಕ್ಕೊಂದು ಸಂಬಂಧವಿಲ್ಲದ ಮನೆಗಳನ್ನು ಚೀಟಿ ಎತ್ತಿ ಆರಿಸಿದಾಗಿನ ಮಾತು. ನಾವು ಮಾಡುವುದು ಬೇರೆ; ಒಂದು ಬೀದಿಗೆ ಹೋದರೆ ಹತ್ತು ಮನೆ ಮುಗಿಸಿಕೊಂಡೇ ಬರುತ್ತೇವೆ. ಒಂದೇ ಬೀದಿಯ ಹತ್ತು ಮನೆಗಳಿಗೆ ನುಗ್ಗಿದ ನೀರು ಒಂದೇ, ಅವರ ಅನಿಸಿಕೆಯೂ ಹೆಚ್ಚುಕಡಿಮೆ ಒಂದೇ. ಆ ಸಾಮ್ಯ ಸ್ವಲ್ಪವೇ ಇದ್ದರೂ ಬೇಕಾಗುವ ಮನೆಗಳ ಸಂಖ್ಯೆ ಸುಮಾರು ಇಮ್ಮಡಿಯಾಗುತ್ತದೆ. ಇನ್ನು ಕಾಲುವೆಯ ಪಕ್ಕದವರನ್ನೂ ದೂರದವರನ್ನೂ ಹೋಲಿಸಬೇಕೆಂದರೆ 385 ಎರಡು ಪಾಲಾಗಿ, ಒಂದೊಂದು ಪಾಲಿನ ನಿಖರತೆ ಏಳು ಅಂಶ ಆಚೀಚೆಗೆ ಇಳಿಯುತ್ತದೆ. ಅದೇ ಮುನ್ನೂರು ಮನೆಗಳ ಒಂದು ಕಾಲೊನಿಯನ್ನು ಮಾತ್ರ ಅಳೆಯುವುದಾದರೆ, ಅಷ್ಟೂ ಮನೆಗಳ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದ ನೂರೆಪ್ಪತ್ತು ಮನೆಗಳು ಸಾಕು. ಸಣ್ಣ ಸಂಸ್ಥೆಗೆ ಇದು ಒಳ್ಳೆಯ ಸುದ್ದಿ. ನಗರದ ಬಗ್ಗೆ ಮಾತಾಡುವ ಆಸೆ ಬಿಟ್ಟರೆ ಲೆಕ್ಕ ಕೈಗೆಟುಕುತ್ತದೆ.

ಲೆಕ್ಕಕ್ಕಿಂತ ದೊಡ್ಡ ತೊಡಕು ಮಾತಿನದು. ‘ಇಂಗುಬಾವಿ ತೋಡಿಸಿದ್ದರಿಂದ ಅನುಕೂಲವಾಯಿತೇ?’ ಎಂದರೆ ಬೆಂಗಳೂರಿನಲ್ಲಿ ಹೆಚ್ಚಾಗಿ ಸಿಗುವ ಉತ್ತರ ‘ಪರವಾಗಿಲ್ಲ’. ಈ ಒಂದು ಪದಕ್ಕೆ ‘ಸಾಕಷ್ಟು ಚೆನ್ನಾಗಿದೆ’, ‘ಹೇಗೋ ನಡೆಯುತ್ತದೆ’, ‘ಇರಲಿ ಬಿಡಿ, ನಿಮಗ್ಯಾಕೆ ಆ ಚಿಂತೆ’ ಎಂಬ ಮೂರು ಅರ್ಥಗಳಿವೆ, ಯಾವುದು ಎಂಬುದು ದನಿಯಿಂದ ತಿಳಿಯಬೇಕು. ನಾನೇ ಒಮ್ಮೆ ಪ್ರಶ್ನೆ ಕೇಳುವವರಿಗೆ ತರಬೇತಿ ಕೊಡುವಾಗ, ‘ಪರವಾಗಿಲ್ಲ’ ಎಂದವರಿಗೆಲ್ಲ ಐದರಲ್ಲಿ ನಡುವಿನ ಮೂರನೆಯ ಚೌಕದಲ್ಲಿ ಗುರುತು ಹಾಕಿ ಎಂದು ಹೇಳಿಕೊಟ್ಟು, ಕೊನೆಗೆ ಎಲ್ಲ ಪ್ರಶ್ನೆಗಳ ಸರಾಸರಿಯೂ ಮೂರರ ಸುತ್ತಲೇ ನಿಂತದ್ದನ್ನು ಕಂಡು ಪೆಚ್ಚಾಗಿದ್ದೇನೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿರುವವರು ‘ಅಡ್ಡಿಯಿಲ್ಲ’ ಎಂದಾಗ, ಅದು ಒಪ್ಪಿಗೆಯ ಮಾತು. ಪ್ರಶ್ನೆ ಕೇಳಲು ಹೋದ ಹಳೆ ಮೈಸೂರಿನ ಕಡೆಯ ಹುಡುಗ ಅದನ್ನು ‘ಅಡಚಣೆ ಇಲ್ಲ’ ಎಂದು ಬರೆದುಕೊಂಡರೆ ಅರ್ಥ ಕೆಟ್ಟಂತೆ. 2011ರ ಜನಗಣತಿಯ ಪ್ರಕಾರ ಈ ನಗರದಲ್ಲಿ ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಕಡಿಮೆ. ತಮಿಳು, ತೆಲುಗು, ಉರ್ದುಗಳಲ್ಲೂ ಇಂಥ ಜಾರುವ ಪದಗಳು ಇದ್ದೇ ಇರುತ್ತವೆ.

ಇದಕ್ಕೆ ಮದ್ದಿದೆ. 2004ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಗ್ಯಾರಿ ಕಿಂಗ್ ಮತ್ತು ಸಂಗಡಿಗರು ವಿವರಿಸಿದ ಒಂದು ತಂತ್ರವೆಂದರೆ, ಉತ್ತರಿಸುವವರಿಗೆ ಮೊದಲು ಕಲ್ಪಿತ ಮನೆಯೊಂದರ ಕಥೆ ಹೇಳಿ ಅದಕ್ಕೆ ಅಂಕ ಕೊಡಿಸುವುದು. ‘ಒಂದು ಮನೆ ಇದೆ, ದೊಡ್ಡ ಮಳೆ ಬಂದರೆ ಹೊಸ್ತಿಲವರೆಗೆ ನೀರು ಬರುತ್ತದೆ, ಒಳಗೆ ಬರುವುದಿಲ್ಲ, ಆದರೆ ಮಕ್ಕಳನ್ನು ಎರಡು ದಿನ ಶಾಲೆಗೆ ಕಳಿಸಲಾಗುವುದಿಲ್ಲ. ಇವರು ಎಷ್ಟು ಸುರಕ್ಷಿತರು?’ ಇಂಥ ಎರಡು ಮೂರು ಕಥೆಗಳಿಗೆ ಅಂಕ ಕೊಟ್ಟ ಮೇಲೆ ತಮ್ಮ ಮನೆಗೆ ಕೊಡುತ್ತಾರೆ. ಆಗ ಒಬ್ಬರ ಮೂರು ಇನ್ನೊಬ್ಬರ ನಾಲ್ಕಕ್ಕೆ ಸಮವೋ ಅಲ್ಲವೋ ಎಂದು ಹೇಳಲು ಸಾಧ್ಯವಾಗುತ್ತದೆ. ಪ್ರತಿ ಮನೆಗೆ ಐದಾರು ನಿಮಿಷ ಹೆಚ್ಚು ಹಿಡಿಯುತ್ತದೆ. ಆ ನಿಮಿಷಗಳಿಗಾಗಿ ಬೇರೆ ನಾಲ್ಕು ಪ್ರಶ್ನೆಗಳನ್ನು ಕೈಬಿಡಬೇಕಾಗಿ ಬಂದರೂ ನಾನು ಬಿಡುತ್ತೇನೆ.

ಸಮೀಕ್ಷೆಯ ಇನ್ನೊಂದು ದೌರ್ಬಲ್ಯ ಭಯ. 2009ರಿಂದ ಬೆಂಗಳೂರು ಜಲಮಂಡಳಿಯ ಕಾಯ್ದೆಯಡಿ 60x40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಹಳೆಯ ಕಟ್ಟಡಗಳಿಗೂ 30x40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ಕೈಯಲ್ಲಿ ಪಟ್ಟಿ ಹಿಡಿದು ಬಂದವರು ಛಾವಣಿಯ ಪೈಪಿನ ಬಗ್ಗೆ ಕೇಳಿದರೆ, ದಂಡಕ್ಕೆ ಬಂದವರೆಂದೇ ಮನೆಯವರು ಭಾವಿಸುತ್ತಾರೆ. ‘ಮಾಡಿಸಿದ್ದೇವೆ, ತುಂಬಾ ಉಪಯೋಗವಾಗಿದೆ’ ಎಂಬ ಉತ್ತರ ಬಾಗಿಲಲ್ಲೇ ಸಿದ್ಧವಾಗಿರುತ್ತದೆ. ಇಲ್ಲಿ ಅನಿಸಿಕೆಯ ಬದಲು ವಸ್ತುವನ್ನೇ ಕೇಳುವುದು ಲೇಸು: ಆ ನೀರನ್ನು ಯಾವುದಕ್ಕೆ ಬಳಸಿದಿರಿ, ಕಳೆದ ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ.

ಕೂತು ಮಾತಾಡುವ, ಎಣಿಸುವ ವಿಧಾನಗಳು

ಜನರೇ ಒಟ್ಟಿಗೆ ಕೂತು ತಮ್ಮ ಊರಿನ ಸ್ಥಿತಿಯನ್ನು ಪರಿಶೀಲಿಸುವ, ಸಹಭಾಗಿ ಗ್ರಾಮ ವಿಶ್ಲೇಷಣೆ ಎಂದು ಕನ್ನಡದಲ್ಲಿ ಕರೆಯಬಹುದಾದ ವಿಧಾನಗಳು ಭಾರತದಲ್ಲಿ ಬೇರೂರಲು ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿರುವ ಗ್ರಾಮಾಭಿವೃದ್ಧಿ ಸಂಸ್ಥೆ ಮೈರಾಡ 1990ರ ಆಸುಪಾಸಿನಲ್ಲಿ ಮಾಡಿದ ಕೆಲಸ ಮುಖ್ಯ ಕಾರಣಗಳಲ್ಲೊಂದು. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬಡಾವಣೆಯ ನಕ್ಷೆ ಬರೆಯುವುದು, ನೀರು ನಿಂತ ಜಾಗಗಳಿಗೆ ಕಲ್ಲಿಡುವುದು, ಒಂದೊಂದು ಕೆಲಸಕ್ಕೂ ಚಿತ್ರದ ಕಾರ್ಡ್ ಮಾಡಿ, ಯಾವುದರಿಂದ ಎಷ್ಟು ಪ್ರಯೋಜನವಾಯಿತೋ ಅದಕ್ಕೆ ತಕ್ಕಂತೆ ಆ ಕಾರ್ಡುಗಳ ಮೇಲೆ ಇಪ್ಪತ್ತು ಹುಣಸೆಬೀಜಗಳನ್ನು ಹಂಚಿಸುವುದು. ಊರಿಗೆಂದು ಹುಟ್ಟಿದ ಈ ಉಪಾಯಗಳು ನಗರದ ಕೊಳೆಗೇರಿಯಲ್ಲೂ ಚೆನ್ನಾಗಿ ನಡೆಯುತ್ತವೆ, ಅಂಗನವಾಡಿಯ ವರಾಂಡ ಸಿಕ್ಕರೆ ಸಾಕು. ಅಪಾರ್ಟ್‌ಮೆಂಟುಗಳಲ್ಲಿ ನಡೆಯುವುದಿಲ್ಲ, ಬೀಜ ಕೈಗೆ ಕೊಟ್ಟರೆ ಜನ ಮುಜುಗರದಿಂದ ನಗುತ್ತಾರೆ.

ಬೀಜ ಹಂಚುವುದರ ಗುಣವೆಂದರೆ ಎಲ್ಲದಕ್ಕೂ ‘ಪರವಾಗಿಲ್ಲ’ ಎನ್ನಲು ಅವಕಾಶವಿಲ್ಲದಿರುವುದು. ಇಂಗುಬಾವಿಗೆ ಹೆಚ್ಚು ಇಟ್ಟರೆ ಕಾಲುವೆಗೆ ಕಡಿಮೆಯಾಗಲೇಬೇಕು. ಜೋಡಿ ಜೋಡಿಯಾಗಿ ಹೋಲಿಸುವುದೂ ಇದೇ ಬಗೆಯದು, ಆದರೆ ಆರು ಕೆಲಸಗಳಿಗೆ ಹದಿನೈದು ಜೋಡಿ, ಹತ್ತಕ್ಕೆ ನಲವತ್ತೈದು. ಆರನ್ನು ಮೀರಿದರೆ ಜನರ ತಾಳ್ಮೆ ಮುಗಿಯುತ್ತದೆ. ಈ ವಿಧಾನಗಳ ನಿಜವಾದ ಫಲ ಕೊನೆಯ ಎಣಿಕೆಯಲ್ಲಿಲ್ಲ, ಬೀಜ ಸರಿಸುವಾಗ ನಡೆಯುವ ವಾದದಲ್ಲಿದೆ. ‘ಗೋಡೆ ಎತ್ತರ ಮಾಡಿದ ಮೇಲೆ ಕಾಲುವೆಯ ನೀರು ಬರುವುದಿಲ್ಲ ನಿಜ ಕಣಕ್ಕ, ಆದರೆ ನಮ್ಮ ಬೀದಿಯ ನೀರು ಹೊರಗೆ ಹೋಗುವುದಕ್ಕೂ ದಾರಿಯಿಲ್ಲವಲ್ಲ’ ಎಂಬಂಥ ಮಾತು ಯಾವ ಪ್ರಶ್ನಾವಳಿಯ ಚೌಕದಲ್ಲೂ ಕೂರುವುದಿಲ್ಲ. ಆದ್ದರಿಂದ ವಾದವನ್ನು ಬರೆದುಕೊಳ್ಳಲೆಂದೇ ಒಬ್ಬರು ಇರಬೇಕು. ಎಣಿಕೆಯ ಫೋಟೋ ಮಾತ್ರ ತೆಗೆದುಕೊಂಡು ಬಂದರೆ ಬಂದ ಹಾದಿಗೆ ಸುಂಕವಿಲ್ಲ.

ದೋಷವೂ ಸಣ್ಣದಲ್ಲ. ಗುಂಪಿನಲ್ಲಿ ಗಟ್ಟಿ ದನಿಯವರ ಬೀಜವೇ ಎಲ್ಲರ ಬೀಜವಾಗುತ್ತದೆ. ಮನೆ ಮಾಲೀಕರು ಕೂತಿರುವಾಗ ಬಾಡಿಗೆಯವರು ಬಾಯಿ ಬಿಡುವುದಿಲ್ಲ, ಏಕೆಂದರೆ ಛಾವಣಿಗೆ ಬಣ್ಣ ಬಳಿದ ಮೇಲೆ ಬಾಡಿಗೆ ಏರಿದ್ದನ್ನು ಅಲ್ಲಿ ಹೇಳುವಂತಿಲ್ಲ. ಗಂಡಸರು, ಹೆಂಗಸರು, ಬಾಡಿಗೆಯವರು ಬೇರೆ ಬೇರೆಯಾಗಿ ಕೂತರೆ ಮಾತ್ರ ಇದನ್ನು ತಕ್ಕಮಟ್ಟಿಗೆ ತಪ್ಪಿಸಬಹುದು. ಬಂದ ಎಣಿಕೆಯನ್ನು ಶೇಕಡಾವಾರಿಗೆ ತಿರುಗಿಸಿ ವಾರ್ಡಿನ ಅಭಿಪ್ರಾಯವೆಂದು ಬರೆಯುವುದು ಶುದ್ಧ ತಪ್ಪು.

ವರದಿ ಪಟ್ಟಿ, ಅಂಕಪಟ್ಟಿ, ಕಥೆ

ನಾಗರಿಕ ವರದಿ ಪಟ್ಟಿ ಎಂಬ ಉಪಾಯಕ್ಕೆ ತವರು ಬೆಂಗಳೂರೇ. ಸಾರ್ವಜನಿಕ ಸೇವೆಗಳ ಗುಣಮಟ್ಟವನ್ನು ಅಧ್ಯಯನ ಮಾಡುವ ಪಬ್ಲಿಕ್ ಅಫೇರ್ಸ್ ಸೆಂಟರ್‌ನ ಸ್ಥಾಪಕ ಸ್ಯಾಮ್ಯುಯೆಲ್ ಪಾಲ್ ಅವರ ಮುಂದಾಳತ್ವದಲ್ಲಿ 1994ರಲ್ಲಿ ಮೊದಲ ಪಟ್ಟಿ ಹೊರಬಂತು. ನೀರು, ವಿದ್ಯುತ್ ಮೊದಲಾದ ಸೇವೆಗಳಿಗೆ ಬಳಸುವವರೇ ಕೊಟ್ಟ ಅಂಕಗಳು ಆಗ ತೀರ ಕಡಿಮೆಯಿದ್ದವು. 1999 ಮತ್ತು 2003ರಲ್ಲಿ ಅದನ್ನೇ ಮತ್ತೆ ಕೇಳಲಾಗಿ, ಮೂರನೆಯ ಸುತ್ತಿನ ಹೊತ್ತಿಗೆ ತೃಪ್ತಿ ಗಣನೀಯವಾಗಿ ಏರಿತ್ತು. ಸಂಸ್ಥೆಗಳನ್ನು ಸಾರ್ವಜನಿಕವಾಗಿ ಪಕ್ಕಪಕ್ಕದಲ್ಲಿ ನಿಲ್ಲಿಸಿದ್ದೇ ಅದರ ಬಲ. ಹವಾಮಾನದ ಕೆಲಸಕ್ಕೆ ಅದನ್ನು ಹಾಗೆಯೇ ಎತ್ತಿಕೊಳ್ಳುವುದರಲ್ಲಿ ತೊಡಕಿದೆ: ನಲ್ಲಿಯಲ್ಲಿ ನೀರು ಬರುವುದು ವಾರ ವಾರದ ಅನುಭವ, ಪ್ರವಾಹದಿಂದ ಪಾರಾಗುವುದು ಹತ್ತು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಳಗಾಗುವ ಸಂಗತಿ. ಆದರೆ ಜಲಮಂಡಳಿ, ಪಾಲಿಕೆಗಳ ಹೊಣೆಯನ್ನೇ ಎತ್ತಿ ಕೇಳಬೇಕಿದ್ದರೆ ಇದಕ್ಕಿಂತ ಪರಿಚಿತ ದಾರಿ ಇಲ್ಲ.

ಸಮುದಾಯ ಅಂಕಪಟ್ಟಿ ಇದರ ದಾಯಾದಿ. ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ 2002ರಲ್ಲಿ ಆಫ್ರಿಕಾದ ಮಲಾವಿಯಲ್ಲಿ ಇದನ್ನು ರೂಪಿಸಿತು. ಇಲ್ಲಿ ಜನರು ಅಂಕ ಕೊಡುತ್ತಾರೆ, ಕೆಲಸ ಮಾಡಿದ ಸಿಬ್ಬಂದಿಯೂ ತಮ್ಮ ಕೆಲಸಕ್ಕೆ ತಾವೇ ಅಂಕ ಕೊಡುತ್ತಾರೆ, ಆಮೇಲೆ ಇಬ್ಬರೂ ಎದುರುಬದುರು ಕೂರುತ್ತಾರೆ. ಸಂಖ್ಯೆಗಿಂತ ಆ ಭೇಟಿಯೇ ಇಲ್ಲಿ ಮುಖ್ಯ. ಎಂಜಿನಿಯರ್ ಬರುತ್ತಾರೆಂಬ ಖಾತ್ರಿಯಿಲ್ಲದೆ ಇದನ್ನು ಆರಂಭಿಸಬಾರದು. ಜನರನ್ನು ಕೂರಿಸಿ ಕಾಯಿಸಿದರೆ ಮುಂದಿನ ಸಲ ಯಾರೂ ಬರುವುದಿಲ್ಲ.

‘ಅತ್ಯಂತ ಮಹತ್ವದ ಬದಲಾವಣೆ’ ಎಂಬ ಕಥಾವಿಧಾನವನ್ನು ಮೌಲ್ಯಮಾಪನ ತಜ್ಞ ರಿಕ್ ಡೇವಿಸ್ 1990ರ ದಶಕದಲ್ಲಿ ಬಾಂಗ್ಲಾದೇಶದಲ್ಲಿ ಬೆಳೆಸಿದರು. ಕಳೆದ ವರ್ಷದಲ್ಲಿ ನಿಮ್ಮ ಬದುಕಿನಲ್ಲಾದ ದೊಡ್ಡ ಬದಲಾವಣೆ ಯಾವುದು ಎಂದು ಕೇಳಿ, ಬಂದ ಕಥೆಗಳಲ್ಲಿ ಯಾವುದು ಮಹತ್ವದ್ದು, ಏಕೆ ಎಂದು ಚರ್ಚಿಸಿ ಆರಿಸುತ್ತಾರೆ. ನೀವು ನಿರೀಕ್ಷಿಸದ ಪರಿಣಾಮ ಇದರಲ್ಲಿ ಚೆನ್ನಾಗಿ ಹೊರಬರುತ್ತದೆ. ಆದರೆ ಹಣ ಕೊಟ್ಟವರಿಗೆ ಸಿಹಿ ಕಥೆಗಳಷ್ಟೇ ತಲುಪುವ ಅಪಾಯವೂ ಇದರಲ್ಲೇ ಹೆಚ್ಚು. ಕೆಟ್ಟ ಬದಲಾವಣೆಗೂ ಒಂದು ಪಾಲು ಮೀಸಲಿಡಬೇಕು.

ಆನ್‌ಲೈನ್ ಫಾರ್ಮು, ವಾಟ್ಸ್‌ಆ್ಯಪ್ ಗುಂಪಿನ ಮತದಾನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಅಗ್ಗ, ಬೇಗ, ಮತ್ತು ಫೋನು ಹಿಡಿದು ಕೂರಲು ಬಿಡುವಿದ್ದವರ ಅಭಿಪ್ರಾಯ. ದೂರುಗಳ ಸಂಖ್ಯೆಯನ್ನು ಅನಿಸಿಕೆಯೆಂದು ಎಣಿಸುವುದೂ ಹಾಗೆಯೇ. ದೂರು ಕೊಟ್ಟರೆ ಕೆಲಸವಾಗುತ್ತದೆ ಎಂದು ನಂಬಿದವರು ಮಾತ್ರ ದೂರು ಕೊಡುತ್ತಾರೆ, ಹೀಗಾಗಿ ದೂರಿಲ್ಲದ ಬಡಾವಣೆ ನೆಮ್ಮದಿಯದ್ದೋ ಆಸೆ ಬಿಟ್ಟದ್ದೋ ತಿಳಿಯದು.

ಯಾರನ್ನು ಕೇಳುವುದು

ವಿಧಾನ ಯಾವುದೇ ಇರಲಿ, ಎಲ್ಲರೂ ಎಡವುವ ಜಾಗ ಇದು. ವಾರ್ಡಿನ ಗಡಿ ಮತದಾರರನ್ನು ನೋಡಿ ಎಳೆದದ್ದು, ನೀರು ಇಳಿಜಾರನ್ನು ನೋಡಿ ಹರಿಯುವುದು. ಕೋರಮಂಗಲ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಮೇಲಿನವರ ಕಾಲುವೆ ಅಗಲವಾಗಿ ನೀರು ಸರಾಗವಾಗಿ ಓಡಿದರೆ, ಕೆಳಗಿನವರಿಗೆ ಅದೇ ನೀರು ಮೊದಲಿಗಿಂತ ಬೇಗ, ಹೆಚ್ಚು ರಭಸದಿಂದ ಬರುತ್ತದೆ. ಮೇಲೆ ಮಾತ್ರ ಸಮೀಕ್ಷೆ ಮಾಡಿದರೆ ಅಂಕ ಚೆನ್ನಾಗಿ ಬರುತ್ತದೆ. ಕೆಳಗಿನವರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಆದ್ದರಿಂದ ಮನೆಗಳನ್ನು ಕಾಲುವೆಯ ಹರಿವಿನ ಉದ್ದಕ್ಕೆ ಆರಿಸಬೇಕು. ಅದಕ್ಕೊಂದು ವ್ಯಾವಹಾರಿಕ ಕಾರಣವೂ ಇದೆ. 198 ವಾರ್ಡುಗಳಿದ್ದ ಬೃಹತ್ ಪಾಲಿಕೆ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ಹಳೆಯ ವಾರ್ಡಿನ ಲೆಕ್ಕದಲ್ಲಿ ಮಾಡಿದ ಸಮೀಕ್ಷೆಯನ್ನು ಹೊಸ ಗಡಿಗಳೊಳಗೆ ಮತ್ತೆ ಮಾಡುವುದು ತಲೆನೋವು. ಕೆರೆ, ಕೋಡಿ, ಸೇತುವೆಗಳು ಅಷ್ಟು ಬೇಗ ಜಾಗ ಬದಲಿಸುವುದಿಲ್ಲ.

ಒಂದೇ ಕಟ್ಟಡದೊಳಗೂ ತಿಳಿದವರು ಬೇರೆ ಬೇರೆ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಿದಾಗ, ಅದು ನಿಜಕ್ಕೂ ಜಾರಿಯಾಯಿತೇ ಎಂಬುದು ಅಪಾರ್ಟ್‌ಮೆಂಟಿನ ಮೇನೇಜರಿಗೆ ಗೊತ್ತಿತ್ತು, ನಾಲ್ಕನೆಯ ಮಹಡಿಯ ನಿವಾಸಿಗೆ ನಲ್ಲಿಯ ನೀರು ಸಣ್ಣಗಾದದ್ದಷ್ಟೇ ಗೊತ್ತಿತ್ತು. ಶೆಡ್ಡಿನಲ್ಲಿ ಕೊಡ ಹಿಡಿದು ಕಾದವರು ಹೆಂಗಸರು, ಸಮೀಕ್ಷೆಗೆ ಉತ್ತರ ಕೊಡಲು ಮುಂದೆ ಬರುವವರು ಗಂಡಸರು.

ಒಂದು ಬಡಾವಣೆ, ಎರಡು ತಿಂಗಳು

ಕೈಯಲ್ಲಿ ಒಂದು ಕಾಲುವೆ, ನಾಲ್ಕು ಜನ ಸ್ವಯಂಸೇವಕರು, ಎರಡು ತಿಂಗಳು ಇದೆ ಎಂದಾದರೆ ನಾನು ಆರಿಸುವುದು ಹೀಗೆ. ಮೊದಲ ಎರಡು ವಾರ ಹರಿವಿನ ಮೇಲೂ ಕೆಳಗೂ ಆರು ಗುಂಪುಗಳೊಂದಿಗೆ ನಕ್ಷೆ ಮತ್ತು ಬೀಜ. ಅಲ್ಲಿ ಜನರು ಬಳಸಿದ ಮಾತುಗಳಿಂದಲೇ ಹತ್ತು ಪ್ರಶ್ನೆಗಳ ಚಿಕ್ಕ ಪಟ್ಟಿ, ಎರಡು ಕಲ್ಪಿತ ಮನೆಗಳ ಕಥೆ, ಮತ್ತು ಎಣಿಸಬಹುದಾದ ಎರಡು ಸಂಗತಿಗಳು: ಎಷ್ಟು ಸಲ ನೀರು ಒಳಗೆ ಬಂತು, ಎಷ್ಟು ದಿನದ ಕೂಲಿ ಹೋಯಿತು. ಆ ಪಟ್ಟಿಯೊಂದಿಗೆ ಮುಂದಿನ ನಾಲ್ಕು ವಾರ ನೂರೆಪ್ಪತ್ತು ಮನೆಗಳು. ವರದಿಯ ಮೊದಲ ಪುಟದಲ್ಲೇ ಆ ಅವಧಿಯ ಮಳೆಯ ಅಂಕಿ ಇರಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ನಗರದಲ್ಲಿ ಅಲ್ಲಲ್ಲಿ ಇವೆ, ಹತ್ತಿರದ್ದನ್ನು ತೆಗೆದುಕೊಂಡರಾಯಿತು. ಮಳೆಯ ಅಂಕಿಯಿಲ್ಲದ ಅನಿಸಿಕೆಯ ಅಂಕಿಯನ್ನು ನಾನು ಓದುವುದಿಲ್ಲ.

ಕೆಲಸವನ್ನು ಅಕ್ಟೋಬರ್ ಮುಗಿದ ಮೇಲೆ ಆರಂಭಿಸುವುದು ಒಳ್ಳೆಯದು. ಸೆಪ್ಟೆಂಬರ್, ಅಕ್ಟೋಬರ್ ಇಲ್ಲಿ ಹೆಚ್ಚು ಮಳೆ ಬೀಳುವ ತಿಂಗಳುಗಳು, ನವೆಂಬರ್‌ನಲ್ಲಿ ನೆನಪು ಇನ್ನೂ ಹಸಿಯಾಗಿರುತ್ತದೆ. ನೀರಿನ ಅಭಾವದ ಕೆಲಸಗಳಿಗೆ ಮಾತ್ರ ಏಪ್ರಿಲ್. ಕೊನೆಯ ಎರಡು ವಾರಗಳಲ್ಲಿ ಹೊಸ ಮನೆಗಳಿಗೆ ಹೋಗದೆ, ಅದೇ ಆರು ಗುಂಪುಗಳ ಮುಂದೆ ಅಂಕಿಗಳನ್ನು ಇಟ್ಟು ‘ಇದು ಸರಿಯೇ?’ ಎಂದು ಕೇಳಬೇಕು. ಅವರು ಅಲ್ಲ ಎಂದದ್ದನ್ನೂ ವರದಿಯಲ್ಲಿ ಅವರ ಮಾತಿನಲ್ಲೇ ಹಾಕಬೇಕು.